ಬ್ಯಾಕ್ಟೀರಿಯಾ ಮೂಗಲ್ಲೇ ಇತ್ತು, ಕಾಯಿಲೆ ಮಾತ್ರ ಕಾಣೆಯಾಗಿತ್ತು

ಪ್ರಶ್ನೆ: ನನ್ನ ಮಗ ಹುಟ್ಟಿದ್ದು 2020ರ ಆರಂಭದಲ್ಲಿ. ಮೊದಲ ಎರಡು ವರ್ಷ ಅವನಿಗೆ ಒಂದು ನೆಗಡಿಯೂ ಸರಿಯಾಗಿ ಆಗಲಿಲ್ಲ. ಹೊರಗೆ ಬಿಡುತ್ತಿರಲಿಲ್ಲ, ಮನೆಗೆ ಬಂದವರೂ ಮಾಸ್ಕ್ ಹಾಕಿಕೊಂಡೇ ಇರುತ್ತಿದ್ದರು. ಶಾಲೆಗೆ ಸೇರಿಸಿದ ಮೇಲೆ ಬರೀ ಕೆಮ್ಮು, ಜ್ವರ. ಮೂರು ವರ್ಷ ತುಂಬಿದ ಮೇಲೆ ನ್ಯುಮೋನಿಯಾ ಆಗಿ, ಶ್ವಾಸಕೋಶದ ಸುತ್ತ ಕೀವು ತುಂಬಿ, ಟ್ಯೂಬ್ ಹಾಕಿ ತೆಗೆಯಬೇಕಾಯಿತು. ಈಗ ಚೆನ್ನಾಗಿದ್ದಾನೆ. ಆದರೆ ಮನೆಯಲ್ಲಿ ಎಲ್ಲರೂ "ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೆಳೆಸಿದೆ, ಅದಕ್ಕೇ ಅವನಿಗೆ ಶಕ್ತಿ ಬರಲಿಲ್ಲ" ಅನ್ನುತ್ತಾರೆ. ಇದು ನಿಜವಾ? ಕೋವಿಡ್‌ನಿಂದಾಗಿ ಮಕ್ಕಳಿಗೆ ಇಂಥ ಸೋಂಕು ಜಾಸ್ತಿ ಆಯಿತಾ? ಇನ್ನೊಂದು ಮಹಾಮಾರಿ ಬಂದರೆ ನಾನೇನು ಮಾಡಬೇಕು?

ಉತ್ತರ: ನೋಡಿ ತಾಯಿ, ಮನೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಮೂರು ಪ್ರಶ್ನೆಗಳಲ್ಲಿ ನಿದ್ದೆ ಕೆಡಿಸಿರುವುದು ಅದೇ ಅಂತ ಓದಿದರೆ ಗೊತ್ತಾಗುತ್ತದೆ. ತಪ್ಪು ನಿಮ್ಮದಲ್ಲ. ಸಮಾಧಾನಕ್ಕೆ ಸುಮ್ನೆ ಹೇಳುತ್ತಿಲ್ಲ. ಆ ಎರಡು ವರ್ಷಗಳಲ್ಲಿ ಮಕ್ಕಳ ಸೋಂಕುಗಳಿಗೆ ಏನಾಯಿತು, ಆಮೇಲೆ ಅವು ಹೇಗೆ ವಾಪಸ್ ಬಂದವು ಅನ್ನುವುದನ್ನು ಹಲವು ದೇಶಗಳಲ್ಲಿ ಲೆಕ್ಕ ಇಟ್ಟು ನೋಡಿದ್ದಾರೆ. ಆ ಲೆಕ್ಕದಿಂದ ಹೊರಬರುವ ಕಥೆ ನಿಮ್ಮ ಮನೆಯವರು ಹೇಳುವ ಕಥೆಯಲ್ಲ.

2020ರ ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಮಹಾಮಾರಿ ಅಂತ ಕರೆಯಿತು. ನಾವು ಮಕ್ಕಳ ಡಾಕ್ಟರುಗಳು ಸೊಂಟ ಕಟ್ಟಿ ನಿಂತೆವು. ಹಾಸಿಗೆ ಸಾಲದೆ ಹೋಗಬಹುದು ಅಂತ ಲೆಕ್ಕ ಹಾಕಿದ್ದೆವು. ಆದರೆ ಆದದ್ದು ಉಲ್ಟಾ. ಮಕ್ಕಳ ವಾರ್ಡು ಖಾಲಿ ಖಾಲಿ. ಉಬ್ಬಸದ ಮಕ್ಕಳಿಲ್ಲ, ಕಿವಿ ಸೋರುವ ಮಕ್ಕಳಿಲ್ಲ, ನ್ಯುಮೋನಿಯಾ ಕೂಡ ಅಪರೂಪ. ನನಗೆ ಮೊದಲು ಅನಿಸಿದ್ದು, ಜನ ಹೆದರಿ ಬರುತ್ತಿಲ್ಲ ಅಂತ. ಅದರಲ್ಲಿ ಸ್ವಲ್ಪ ನಿಜವಿತ್ತು, ಆ ಕೆಟ್ಟ ಕಥೆಗೆ ಆಮೇಲೆ ಬರುತ್ತೇನೆ. ಆದರೆ ಪೂರ್ತಿ ನಿಜ ಅದಲ್ಲ. ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಗೆ ಸೋಂಕಾದ ಮಗುವನ್ನು ಯಾವ ತಾಯಿ ಎಷ್ಟು ದಿನ ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತದೆ ಹೇಳಿ? ಎಷ್ಟೇ ಹೆದರಿಕೆಯಿದ್ದರೂ ಒಂದೆರಡು ದಿನದಲ್ಲಿ ಎತ್ತಿಕೊಂಡು ಓಡಲೇಬೇಕು. ಆ ಮಕ್ಕಳೂ ಬರುತ್ತಿರಲಿಲ್ಲ.

ಆಮೇಲೆ ಅಂಕಿ ಸಂಖ್ಯೆ ಬಂತು. 26 ದೇಶ ಮತ್ತು ಪ್ರಾಂತ್ಯಗಳ ಲ್ಯಾಬುಗಳು ತಮ್ಮ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದವು. ರಕ್ತಕ್ಕೆ, ಮಿದುಳಿನ ಪೊರೆಗೆ ನುಗ್ಗಿ ಪ್ರಾಣಕ್ಕೆ ಕುತ್ತು ತರುವ ಮೂರು ಬ್ಯಾಕ್ಟೀರಿಯಾಗಳನ್ನು ಎಣಿಸಿದ್ದರು: ನ್ಯುಮೋಕಾಕಸ್, ಮೆನಿಂಗೋಕಾಕಸ್, ಹೀಮೋಫಿಲಸ್ ಇನ್‌ಫ್ಲುಯೆಂಜೆ. ಮೂರೂ ಕುಸಿದಿದ್ದವು. ಜನರ ಓಡಾಟ ನಿಂತ ನಾಲ್ಕೇ ವಾರದಲ್ಲಿ ನ್ಯುಮೋಕಾಕಸ್ ಕೇಸುಗಳು ಶೇ. 68ರಷ್ಟು ಇಳಿದವು, ಎಂಟು ವಾರಕ್ಕೆ ಶೇ. 82. ಇದು ಎಲ್ಲಾ ವಯಸ್ಸಿನವರ ಲೆಕ್ಕ. ಯಾವ ಔಷಧಿಯೂ ಇಷ್ಟು ಬೇಗ ಇಂಥ ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ.

"ಲ್ಯಾಬುಗಳೇ ಕೋವಿಡ್ ಗಲಾಟೆಯಲ್ಲಿ ಮುಳುಗಿದ್ದವು, ಬೇರೆ ಟೆಸ್ಟು ಯಾರು ಮಾಡಿದರು" ಅಂತ ನೀವು ಕೇಳಬಹುದು. ಅವರಿಗೂ ಅದೇ ಅನುಮಾನ ಇತ್ತು. ಅದಕ್ಕೇ ನಾಲ್ಕನೆಯ ಒಂದು ಬ್ಯಾಕ್ಟೀರಿಯಾವನ್ನೂ ಜೊತೆಗೆ ಎಣಿಸಿದರು. ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್ ಅಂತ. ಇದು ಕೆಮ್ಮು ಸೀನಿನಿಂದ ಹರಡುವಂಥದ್ದಲ್ಲ. ಹಸುಗೂಸಿಗೆ ಸಾಮಾನ್ಯವಾಗಿ ಹೆರಿಗೆ ಸಮಯದಲ್ಲಿ ತಾಯಿಯಿಂದ ಬರುತ್ತದೆ. ಮಾಸ್ಕಿಗೂ ಅದಕ್ಕೂ ಸಂಬಂಧವಿಲ್ಲ. ಲ್ಯಾಬು ಕೆಲಸ ಮಾಡದೆ ಹೋಗಿದ್ದರೆ ಇದರ ಸಂಖ್ಯೆಯೂ ಬೀಳಬೇಕಿತ್ತು, ಅಲ್ವಾ? ಬೀಳಲಿಲ್ಲ. ಹೆಚ್ಚುಕಮ್ಮಿ ಮೊದಲಿನ ಹಾಗೇ ಇತ್ತು. ಅಂದರೆ ಉಳಿದ ಮೂರು ನಿಜವಾಗಿಯೇ ಕಡಿಮೆಯಾಗಿದ್ದವು.

ಇಲ್ಲಿಯವರೆಗೆ ಎಲ್ಲರೂ ಊಹಿಸಬಹುದಾದದ್ದೇ. ಮುಖ ಮುಚ್ಚಿಕೊಂಡರು, ದೂರ ನಿಂತರು, ಬ್ಯಾಕ್ಟೀರಿಯಾ ಹರಡಲಿಲ್ಲ. ಆದರೆ ಕಥೆ ಇಷ್ಟು ಸಲೀಸಾಗಿಲ್ಲ. ಇಸ್ರೇಲಿನಲ್ಲಿ ಚಿಕ್ಕ ಮಕ್ಕಳ ಮೂಗಿನ ಹಿಂಭಾಗದಿಂದ ಸ್ವಾಬ್ ತೆಗೆದು ನೋಡುವ ಕೆಲಸ ಕೋವಿಡ್‌ಗೆ ಮೊದಲಿನಿಂದಲೇ ನಡೆಯುತ್ತಿತ್ತು. ಆ ದಿನಗಳಲ್ಲೂ ಅದು ನಿಲ್ಲಲಿಲ್ಲ. ನ್ಯುಮೋಕಾಕಸ್ ಕಾಯಿಲೆ ದಡಕ್ಕನೆ ಇಳಿದಿತ್ತು. ಮಕ್ಕಳ ಮೂಗಲ್ಲಿ ನ್ಯುಮೋಕಾಕಸ್ ಮಾತ್ರ ಹೆಚ್ಚುಕಮ್ಮಿ ಮೊದಲಿನಷ್ಟೇ ಇತ್ತು!

ಹಾಗಾದರೆ ಕಾಣೆಯಾದದ್ದು ಯಾವುದು? ವೈರಸ್‌ಗಳು. ಫ್ಲೂ, ಎಳೆಯ ಮಕ್ಕಳಿಗೆ ಉಬ್ಬಸ ತರುವ ಆರ್‌ಎಸ್‌ವಿ, ಅದರದೇ ಬಳಗದ ಮೆಟಾನ್ಯುಮೋವೈರಸ್, ಈ ಮೂರೂ ಆ ಕಾಲದಲ್ಲಿ ಹತ್ತಿರ ಹತ್ತಿರ ಮಾಯವೇ ಆಗಿದ್ದವು. ನನ್ನ ಪಾಲಿಗೆ ಇಡೀ ಮಹಾಮಾರಿಯ ದೊಡ್ಡ ಪಾಠ ಇದು. ನ್ಯುಮೋಕಾಕಸ್ ಹೊರಗಿನಿಂದ ದಾಳಿ ಮಾಡುವ ಶತ್ರು ಅಲ್ಲ. ಚಿಕ್ಕ ಮಕ್ಕಳಲ್ಲಿ ಅದೆಷ್ಟೋ ಮಂದಿಯ ಮೂಗಲ್ಲಿ ಬಾಡಿಗೆದಾರನ ಹಾಗೆ ಇರುತ್ತದೆ, ತಿಂಗಳುಗಟ್ಟಲೆ, ಏನೂ ತಂಟೆ ಮಾಡದೆ. ಅದಕ್ಕೆ ಒಳಮನೆಯ ಬಾಗಿಲು ತೆಗೆದುಕೊಡುವುದು ವೈರಸ್.

ತೆಗೆಯುವ ರೀತಿಯನ್ನೂ ಸ್ವಲ್ಪ ಹೇಳಿಬಿಡುತ್ತೇನೆ, ನಿಮ್ಮ ಮಗನ ಕಥೆಗೆ ಬೇಕಾಗುತ್ತದೆ. ನಮ್ಮ ಉಸಿರಾಟದ ಕೊಳವೆಯ ಒಳಗೋಡೆಗೆ ಕೂದಲಿನಂಥ ಎಳೆಗಳಿವೆ. ಕಸ, ಕಫವನ್ನೆಲ್ಲ ಗುಡಿಸಿ ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ಫ್ಲೂ ವೈರಸ್ ಈ ಗೋಡೆಯನ್ನೇ ಹಾಳುಮಾಡುತ್ತದೆ. ಗುಡಿಸುವವರಿಲ್ಲ. ಗೋಡೆ ಸಿಪ್ಪೆ ಕಿತ್ತ ಹಾಗಾಗಿ ಬ್ಯಾಕ್ಟೀರಿಯಾಕ್ಕೆ ಅಂಟಿಕೊಳ್ಳಲು ಹೊಸ ಜಾಗ ಸಿಗುತ್ತದೆ. ಮೇಲಾಗಿ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾವನ್ನು ನುಂಗಿಹಾಕುವ ಕಾವಲು ಕೋಶಗಳು ವೈರಸ್ ಜೊತೆ ಹೋರಾಡಿ ಕೆಲವು ದಿನ ಮಂಕಾಗಿರುತ್ತವೆ. ಹಾಗಾಗಿ ನೆಗಡಿ ಜ್ವರ ಬಂದು, ಮಗು ಒಂದೆರಡು ದಿನ ಗೆಲುವಾಗಿ, "ಅಬ್ಬಾ ಹೋಯ್ತು" ಅನ್ನುವ ಹೊತ್ತಿಗೆ ಮತ್ತೆ ಜ್ವರ ಏರಿ, ಉಸಿರು ಜೋರಾದರೆ ನಾವು ಕಿವಿ ನಿಮಿರಿಸುತ್ತೇವೆ. ನಿಮ್ಮ ಮಗನಿಗೂ ಆಸ್ಪತ್ರೆಗೆ ಸೇರಿಸುವ ಒಂದು ವಾರ ಮೊದಲು ಏನಾಗಿತ್ತು ನೆನಪು ಮಾಡಿಕೊಳ್ಳಿ. ಒಂದು ನೆಗಡಿ ಅಥವಾ ಫ್ಲೂ ಇದ್ದಿರುವ ಸಾಧ್ಯತೆಯೇ ಜಾಸ್ತಿ.

ಇದು ಹೊಸ ವಿಷಯವೂ ಅಲ್ಲ. 1918ರ ಫ್ಲೂ ಮಹಾಮಾರಿಯಲ್ಲಿ ಸತ್ತವರ ಶ್ವಾಸಕೋಶದ ತುಣುಕುಗಳನ್ನು ಅಮೆರಿಕದ ಸಂಶೋಧಕರು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟು, ಆ ಕಾಲದ ಮರಣೋತ್ತರ ಪರೀಕ್ಷೆಯ ವರದಿಗಳನ್ನೂ ಓದಿ 2008ರಲ್ಲಿ ಬರೆದರು: ಬಹುಪಾಲು ಜನ ಸತ್ತದ್ದು ಬರೀ ವೈರಸ್‌ನಿಂದಲ್ಲ, ಅದರ ಬೆನ್ನಿಗೇ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾದಿಂದ. ಪೆನಿಸಿಲಿನ್ ಕಂಡುಹಿಡಿದದ್ದೇ 1928ರಲ್ಲಿ, ಅವರ ಕೈಯಲ್ಲಿ ಏನೂ ಇರಲಿಲ್ಲ. ಇಲ್ಲೊಂದು ತಮಾಷೆ ಇದೆ. ಹೀಮೋಫಿಲಸ್ ಇನ್‌ಫ್ಲುಯೆಂಜೆ ಅಂತ ಮೇಲೆ ಹೇಳಿದೆನಲ್ಲ, ಆ ಹೆಸರು ಬಂದದ್ದೇ ಒಂದು ತಪ್ಪಿನಿಂದ. 1892ರಲ್ಲಿ ರಿಚರ್ಡ್ ಫೈಫರ್ ಅನ್ನುವ ವಿಜ್ಞಾನಿ ಫ್ಲೂ ರೋಗಿಗಳ ಕಫದಲ್ಲಿ ಈ ಬ್ಯಾಕ್ಟೀರಿಯಾವನ್ನು ನೋಡಿ, ಫ್ಲೂ ಬರುವುದು ಇದರಿಂದಲೇ ಅಂದುಕೊಂಡ. ನಿಜವಾದ ಫ್ಲೂ ವೈರಸ್ ಮನುಷ್ಯರಲ್ಲಿ ಸಿಕ್ಕಿದ್ದು 1933ರಲ್ಲಿ. ಬಾಗಿಲು ತೆಗೆದವನು ಕಣ್ಣಿಗೆ ಕಾಣಲಿಲ್ಲ, ಒಳಗೆ ನುಗ್ಗಿದವನು ಸಿಕ್ಕಿಬಿದ್ದ. 2009ರ ಎಚ್1ಎನ್1 ಮಹಾಮಾರಿಯಲ್ಲೂ ಇದೇ ಜೋಡಿ ಕಂಡಿತು. ಅಮೆರಿಕದಲ್ಲಿ ಮೊದಲ ತಿಂಗಳುಗಳಲ್ಲಿ ಸತ್ತ ಮಕ್ಕಳ ಪೈಕಿ 23 ಮಕ್ಕಳ ಪರೀಕ್ಷಾ ವರದಿ ಸಿಕ್ಕಿತ್ತು, ಅದರಲ್ಲಿ 10 ಮಕ್ಕಳಿಗೆ ಬ್ಯಾಕ್ಟೀರಿಯಾದ ಸೋಂಕೂ ಸೇರಿಕೊಂಡಿತ್ತು.

ಹಾಗಾಗಿ "ಮಹಾಮಾರಿ ಬಂದರೆ ಮಕ್ಕಳಿಗೆ ಬ್ಯಾಕ್ಟೀರಿಯಾ ಸೋಂಕು ಜಾಸ್ತಿಯಾಗುತ್ತಾ" ಅಂತ ಕೇಳಿದರೆ ಒಂದೇ ಮಾತಿನ ಉತ್ತರ ಇಲ್ಲ. ಯಾವ ವೈರಸ್ ಅನ್ನುವುದರ ಮೇಲೆ ನಿಂತಿದೆ. ಫ್ಲೂ ಮಹಾಮಾರಿ ಬಾಗಿಲು ಹಾರುಹೊಡೆಯುತ್ತದೆ. ಕೋವಿಡ್ ವೈರಸ್ ಮಕ್ಕಳಲ್ಲಿ ಅಷ್ಟು ಕೆಲಸ ಮಾಡಲಿಲ್ಲ. ಜೊತೆಗೆ ನಾವು ಅದಕ್ಕೆ ಹೆದರಿ ಮಾಡಿದ ಬಂದೋಬಸ್ತು ಬಾಗಿಲು ತೆಗೆಯುವ ಬೇರೆ ವೈರಸ್‌ಗಳನ್ನೇ ಓಡಿಸಿತು.

ಆದರೆ ಎಲ್ಲಾ ಸೋಂಕುಗಳೂ ಕಡಿಮೆಯಾಗಲಿಲ್ಲ. ಮಕ್ಕಳ ಮೂತ್ರದ ಸೋಂಕು ನೋಡಿ. ಅದಕ್ಕೆ ಕಾರಣ ಬಹುಮಟ್ಟಿಗೆ ಮಗುವಿನ ಕರುಳಿನಲ್ಲೇ ಇರುವ ಇ. ಕೋಲೈ. ಮಾಸ್ಕ್ ಹಾಕಿದರೆ ಅದಕ್ಕೇನು? ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ನಾವು ಮೊದಲು ಹುಡುಕುವುದೇ ಇದನ್ನು. ಇಲ್ಲಿ ಲೆಕ್ಕದ ಒಂದು ಮೋಸವೂ ಇದೆ. ಕೋವಿಡ್ ಕಾಲದಲ್ಲಿ ಕೆಲವು ಆಸ್ಪತ್ರೆಗಳಲ್ಲಿ ಜ್ವರ ಅಂತ ಬಂದ ಕೂಸುಗಳಲ್ಲಿ ಗಂಭೀರ ಬ್ಯಾಕ್ಟೀರಿಯಾ ಸೋಂಕಿನ ಪಾಲು ಏರಿದ ಹಾಗೆ ಕಂಡಿತು. ಅಯ್ಯೋ ಜಾಸ್ತಿಯಾಯಿತು ಅಂತ ಗಾಬರಿ. ನಿಜದಲ್ಲಿ ಬ್ಯಾಕ್ಟೀರಿಯಾದ ಮಕ್ಕಳು ಅಷ್ಟೇ ಇದ್ದರು. ಸುಮ್ನೆ ವೈರಲ್ ಜ್ವರಕ್ಕೆ ಬರುತ್ತಿದ್ದ ಗುಂಪು ಕರಗಿತ್ತು. ನೂರು ಮಕ್ಕಳಲ್ಲಿ ಹತ್ತು ಅನ್ನುವುದು ಐವತ್ತರಲ್ಲಿ ಹತ್ತು ಆದರೆ ಪಾಲು ಎರಡರಷ್ಟು ಕಾಣುತ್ತದೆ, ಕಾಯಿಲೆ ಒಂದು ಚೂರೂ ಏರಿರುವುದಿಲ್ಲ. ಮುಂದೆ "ಶೇಕಡಾ ಇಷ್ಟು ಏರಿಕೆ" ಅನ್ನುವ ಸುದ್ದಿ ಓದಿದಾಗ ಎಷ್ಟರಲ್ಲಿ ಎಷ್ಟು ಅಂತ ಒಮ್ಮೆ ಕೇಳಿ ನೋಡಿ.

ಈಗ ಆ ಕೆಟ್ಟ ಕಥೆ. ಹೆದರಿ ಮನೆಯಲ್ಲೇ ಉಳಿದವರದ್ದು. 2020ರ ಮಾರ್ಚ್‌ನಲ್ಲಿ ಇಟಲಿಯ ಐದು ಆಸ್ಪತ್ರೆಗಳಲ್ಲಿ ಮಕ್ಕಳ ತುರ್ತು ವಿಭಾಗಕ್ಕೆ ಬರುವವರು ಹಿಂದಿನ ವರ್ಷಗಳಿಗಿಂತ ಶೇ. 73ರಿಂದ 88ರಷ್ಟು ಕಡಿಮೆಯಾಗಿದ್ದರು. ಆ ತಿಂಗಳ ಕೊನೆಯ ಒಂದೇ ವಾರದಲ್ಲಿ, ತಡವಾಗಿ ಬಂದ ಕಾರಣಕ್ಕೇ ಸ್ಥಿತಿ ಕೆಟ್ಟ 12 ಮಕ್ಕಳನ್ನು ಅಲ್ಲಿನ ಡಾಕ್ಟರುಗಳು ಗುರುತಿಸಿದರು. ಬೇರೆ ಬೇರೆ ಕಾಯಿಲೆಗಳವರು. ಅದರಲ್ಲಿ ನಾಲ್ಕು ಮಕ್ಕಳು ಉಳಿಯಲಿಲ್ಲ. ಬ್ಯಾಕ್ಟೀರಿಯಾದ ಸೋಂಕಿನಲ್ಲಿ ತಡ ಅನ್ನುವುದು ಬಹಳ ದುಬಾರಿ. ಸೆಪ್ಸಿಸ್‌ನಲ್ಲಿ, ಅಂದರೆ ಸೋಂಕಿಗೆ ಮೈಯೇ ತಿರುಗಿಬಿದ್ದು ಒಂದೊಂದೇ ಅಂಗ ಸೋಲುವ ಸ್ಥಿತಿಯಲ್ಲಿ, ನಾವು ಗಂಟೆ ಎಣಿಸುತ್ತೇವೆ, ದಿನ ಅಲ್ಲ. ಅಪೆಂಡಿಕ್ಸ್ ವಿಷಯದಲ್ಲೂ ಇದೇ ಆಯಿತು. ಹಲವು ಕಡೆ ಅದು ಒಡೆದ ಮೇಲೇ ಮಕ್ಕಳನ್ನು ಕರೆತಂದರು.

ತಪ್ಪು ಬರೀ ತಂದೆ ತಾಯಿಯದಲ್ಲ. ನಮ್ಮದೂ ಇದೆ. ಆ ದಿನಗಳಲ್ಲಿ ಯಾವ ಜ್ವರ ಬಂದರೂ ಮೊದಲು ಮೂಗಿಗೆ ಕಡ್ಡಿ ಹಾಕು, ವರದಿ ಬರಲಿ, ಆಮೇಲೆ ನೋಡೋಣ ಅನ್ನುವ ಹಾಗಾಗಿತ್ತು. ಪಾಸಿಟಿವ್ ಬಂತೆಂದರೆ ಅಲ್ಲಿಗೆ ಯೋಚನೆ ನಿಂತುಬಿಡುತ್ತಿತ್ತು. ಫೋನಿನಲ್ಲಿ ನೋಡಿ ಔಷಧಿ ಹೇಳಿದ್ದೂ ಇದೆ, ನಾನೂ ಹೇಳಿದ್ದೇನೆ. ಫೋನಿನಲ್ಲಿ ಮಗುವಿನ ಹೊಟ್ಟೆ ಮುಟ್ಟಿ ನೋಡಲಾಗುವುದಿಲ್ಲ, ಕೈಕಾಲು ತಣ್ಣಗಿದೆಯಾ ಅಂತ ತಿಳಿಯುವುದಿಲ್ಲ. ಮೇಲಿನಿಂದ ಇನ್ನೊಂದು ಹೊಸ ತಲೆನೋವು ಬಂತು. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಡಾಕ್ಟರುಗಳು ಮೊದಲು ಎಚ್ಚರಿಸಿದರು. ಕೋವಿಡ್ ಬಂದು ಹೋದ ಎರಡರಿಂದ ಆರು ವಾರದ ಮೇಲೆ ಕೆಲವು ಮಕ್ಕಳಿಗೆ ವಿಪರೀತ ಜ್ವರ, ಹೊಟ್ಟೆನೋವು, ಕಣ್ಣು ಕೆಂಪು, ಬಿಪಿ ಕುಸಿತ. ಎಂಐಎಸ್-ಸಿ ಅಂತ ಹೆಸರಿಟ್ಟರು. ನೋಡಲು ತದ್ವತ್ ಸೆಪ್ಸಿಸ್. ಒಂದಕ್ಕೆ ಆಂಟಿಬಯೋಟಿಕ್ ಬೇಕು, ಇನ್ನೊಂದಕ್ಕೆ ಸ್ಟಿರಾಯ್ಡ್, ಇಮ್ಯುನೋಗ್ಲೋಬ್ಯುಲಿನ್ ಬೇಕು. ಯಾವುದು ಅಂತ ಗೊತ್ತಾಗದೆ ಮೊದಲ ಒಂದೆರಡು ದಿನ ಎರಡೂ ಕೊಟ್ಟದ್ದಿದೆ. ಆ ರಾತ್ರಿಗಳು ನನಗೆ ಈಗಲೂ ಕನಸಿನಲ್ಲಿ ಬರುತ್ತವೆ.

ಆಂಟಿಬಯೋಟಿಕ್ ಅಂದಕೂಡಲೇ ಇದನ್ನೂ ಹೇಳಬೇಕು. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ ಬ್ಯಾಕ್ಟೀರಿಯಾ ಸೋಂಕು ಸೇರಿಕೊಂಡು ಆಂಟಿಬಯೋಟಿಕ್ ನಿಜಕ್ಕೂ ಬೇಕಿದ್ದವರು ಶೇ. 8 ಮಾತ್ರ, ಕೊಟ್ಟದ್ದು ಮಾತ್ರ ಸುಮಾರು ಶೇ. 75 ಜನರಿಗೆ, "ಯಾವುದಕ್ಕೂ ಇರಲಿ" ಅಂತ. ವಿಶ್ವ ಆರೋಗ್ಯ ಸಂಸ್ಥೆಯೇ 2024ರಲ್ಲಿ ಕೊಟ್ಟ ಲೆಕ್ಕ ಇದು. ಹೀಗೆ ಸುರಿದ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ನಾಳೆ ಯಾವುದೋ ಹಸುಗೂಸಿನ ರಕ್ತದಲ್ಲಿ ಸಿಗುತ್ತದೆ. ಮಹಾಮಾರಿ ಮುಗಿದ ಮೇಲೂ ಈ ಬಾಕಿ ತೀರುವುದಿಲ್ಲ.

ಈಗ ವಾಪಸ್ ಬಂದದ್ದರ ಬಗ್ಗೆ. ನಿಮ್ಮ ಮಗನ ಪಾಲಿಗೆ ಬಂದದ್ದು ಈ ಕಾಲ. ಜನ ಹೊರಗೆ ಬಂದರು, ಶಾಲೆ ತೆರೆಯಿತು, ವೈರಸ್‌ಗಳು ತಮ್ಮ ಹಳೆಯ ಕ್ಯಾಲೆಂಡರ್ ಮರೆತು ಬಂದವು. ಆರ್‌ಎಸ್‌ವಿ ಚಳಿಗಾಲ ಬಿಟ್ಟು ಬೇಸಿಗೆಯಲ್ಲಿ ಬಂತು. ಬೆನ್ನಿಗೇ ಬ್ಯಾಕ್ಟೀರಿಯಾ. ಇಂಗ್ಲೆಂಡಿನಲ್ಲಿ 2021ರ ಬೇಸಿಗೆಯಿಂದಲೇ ಮಕ್ಕಳ ನ್ಯುಮೋಕಾಕಸ್ ಕೇಸು ಏರಿತು. 2022ರ ಕೊನೆಗೆ ಗ್ರೂಪ್ ಎ ಸ್ಟ್ರೆಪ್ಟೋಕಾಕಸ್ ಸರದಿ. ಇದು ಸಾಮಾನ್ಯವಾಗಿ ಗಂಟಲು ನೋವು, ಸ್ಕಾರ್ಲೆಟ್ ಜ್ವರ ತರುವ ಬ್ಯಾಕ್ಟೀರಿಯಾ. ಅಪರೂಪಕ್ಕೆ ರಕ್ತಕ್ಕೆ, ಮಾಂಸಖಂಡಕ್ಕೆ, ಶ್ವಾಸಕೋಶದ ಸುತ್ತಲಿನ ಜಾಗಕ್ಕೆ ನುಗ್ಗಿ ಹಾವಳಿ ಮಾಡುತ್ತದೆ. ಬ್ರಿಟನ್, ಫ್ರಾನ್ಸ್, ಐರ್ಲೆಂಡ್, ನೆದರ್‌ಲ್ಯಾಂಡ್ಸ್, ಸ್ವೀಡನ್, ಐದೂ ದೇಶಗಳಲ್ಲಿ ಒಮ್ಮೆಲೇ ಏರಿತು. ಜಾಸ್ತಿ ಕಂಡದ್ದು ಹತ್ತು ವರ್ಷದೊಳಗಿನ ಮಕ್ಕಳಲ್ಲಿ. ಡಿಸೆಂಬರ್ 15ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಬ್ರಿಟನ್ನಿನಲ್ಲಿ ಮಕ್ಕಳ ಪೆನಿಸಿಲಿನ್, ಅಮಾಕ್ಸಿಸಿಲಿನ್ ಸಿರಪ್ಪಿಗೂ ಪರದಾಟವಾಯಿತು. ಆ ಕಾಲದಲ್ಲಿ ಫ್ಲೂ ಕೂಡ ಜೋರಾಗಿತ್ತು, ಚಿಕನ್‌ಪಾಕ್ಸ್ ಕೂಡ ಓಡಾಡುತ್ತಿತ್ತು. ಚಿಕನ್‌ಪಾಕ್ಸ್ ಗುಳ್ಳೆ ಒಡೆದ ಜಾಗ ಈ ಬ್ಯಾಕ್ಟೀರಿಯಾಕ್ಕೆ ತೆರೆದ ಕಿಟಕಿ ಇದ್ದ ಹಾಗೆ. ನ್ಯುಮೋನಿಯಾ ತರುವ ಇನ್ನೊಂದು ಬ್ಯಾಕ್ಟೀರಿಯಾ ಮೈಕೋಪ್ಲಾಸ್ಮಾ ಇನ್ನೂ ತಡ ಮಾಡಿ 2023ಕ್ಕೆ ಬಂತು. ನಾಯಿಕೆಮ್ಮು 2024ರಲ್ಲಿ ಯುರೋಪಿನ ಹಲವು ದೇಶಗಳಲ್ಲಿ ಎದ್ದಿತು.

ಇದಕ್ಕೆಲ್ಲ "ಇಮ್ಯುನಿಟಿ ಸಾಲ" ಅನ್ನುವ ಹೆಸರು ಓಡಾಡುತ್ತಿದೆ. 2021ರಲ್ಲಿ ಫ್ರಾನ್ಸಿನ ಮಕ್ಕಳ ತಜ್ಞರು ಬಳಸಿದ ಮಾತು. ಅವರು ಹೇಳಲು ಹೊರಟದ್ದು ಇಡೀ ಸಮಾಜದ ಲೆಕ್ಕ. ಜನರ ಬಾಯಿಗೆ ಬಿದ್ದು ಅದು ಒಂದೊಂದು ಮಗುವಿನ ಮೇಲಿನ ಆರೋಪವಾಗಿಬಿಟ್ಟಿತು, ನಿಮ್ಮ ಮನೆಯಲ್ಲಿ ಆದ ಹಾಗೆ. ನನಗೆ ಆ ಪದವೇ ಹಿಡಿಸುವುದಿಲ್ಲ. ಸೋಂಕು ಅನ್ನುವುದು ಕಂತು ಕಟ್ಟಬೇಕಾದ ಸಾಲವಲ್ಲ. ರೋಗನಿರೋಧಕ ಶಕ್ತಿ ಬಳಸದಿದ್ದರೆ ಸೊರಗುವ ತೋಳಿನ ಮಾಂಸವೂ ಅಲ್ಲ. ಎರಡು ವರ್ಷ ನೆಗಡಿ ಆಗದಿದ್ದ ಮಾತ್ರಕ್ಕೆ ನಿಮ್ಮ ಮಗನ ಬಿಳಿ ರಕ್ತಕಣಗಳು ಕೆಲಸ ಮರೆತಿರಲಿಲ್ಲ.

ಆದದ್ದು ಏನಂದರೆ, ಮಾಮೂಲಿ ದಿನಗಳಲ್ಲಿ ಪ್ರತಿ ವರ್ಷ ಒಂದಿಷ್ಟು ಮಕ್ಕಳು ಆರ್‌ಎಸ್‌ವಿ, ಫ್ಲೂ ಇವನ್ನು ಮೊದಲ ಸಲ ಎದುರಿಸುತ್ತಾರೆ. ಆ ಮೊದಲ ಸಲದಲ್ಲೇ ಅಪಾಯ ಜಾಸ್ತಿ. ಎರಡು ವರ್ಷ ಯಾರೂ ಎದುರಿಸಲಿಲ್ಲ. ಹಾಗಾಗಿ ಎರಡು ಮೂರು ವರ್ಷದ ಮಕ್ಕಳೆಲ್ಲ ಒಂದೇ ಸಲ, ಒಂದೇ ಕಾಲದಲ್ಲಿ ಎದುರಿಸಬೇಕಾಯಿತು. ಬೆಂಕಿಗೆ ಒಣ ಹುಲ್ಲು ಒಂದೇ ಕಡೆ ಸಿಕ್ಕ ಹಾಗೆ. ನೀವೊಬ್ಬರೇ ಮಗುವನ್ನು ಹೊರಗೆ ಬಿಟ್ಟಿದ್ದರೂ ಅವನಿಗೆ ಆ ವೈರಸ್ ಸಿಗುತ್ತಿರಲಿಲ್ಲ, ಅದು ಊರಲ್ಲೇ ಇರಲಿಲ್ಲವಲ್ಲ! ಇನ್ನೂ ಒಂದು ಮಾತು. ಇಂಥ ಸೋಂಕುಗಳಲ್ಲಿ ಹೆಚ್ಚು ಸಾಯುವುದು ತೀರಾ ಎಳೆಯ ಕೂಸುಗಳು. ಆರ್‌ಎಸ್‌ವಿ, ನಾಯಿಕೆಮ್ಮು ಎರಡು ತಿಂಗಳ ಕೂಸಿಗೆ ಬರುವುದಕ್ಕೂ ಮೂರು ವರ್ಷದ ಮಗುವಿಗೆ ಬರುವುದಕ್ಕೂ ಅಜಗಜಾಂತರ. ಅತಿ ಅಪಾಯದ ತಿಂಗಳುಗಳನ್ನು ನಿಮ್ಮ ಮಗ ಸುರಕ್ಷಿತವಾಗಿ ದಾಟಿದ್ದಾನೆ. ಮನೆಯವರಿಗೆ ಈ ಲೆಕ್ಕವನ್ನೂ ಹೇಳಿ.

ನಿಜವಾದ ಬಾಕಿ ಅಂತ ಒಂದಿದ್ದರೆ ಅದು ಲಸಿಕೆಯದ್ದು. 2019ರಲ್ಲಿ ಜಗತ್ತಿನ ಶೇ. 86 ಮಕ್ಕಳಿಗೆ ಡಿಪಿಟಿಯ ಮೂರೂ ಡೋಸು ಸಿಕ್ಕಿತ್ತು. 2021ಕ್ಕೆ ಅದು ಶೇ. 81ಕ್ಕೆ ಇಳಿಯಿತು. ಆ ಒಂದೇ ವರ್ಷದಲ್ಲಿ ಎರಡೂವರೆ ಕೋಟಿ ಮಕ್ಕಳಿಗೆ ಒಂದಾದರೂ ಡೋಸು ತಪ್ಪಿತ್ತು. ಡಿಪಿಟಿಯಲ್ಲಿರುವುದು ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಮೂರೂ ಬ್ಯಾಕ್ಟೀರಿಯಾದ ಕಾಯಿಲೆಗಳೇ. ನೆಗಡಿ ತಪ್ಪಿದ್ದರಿಂದ ಮಗುವಿಗೆ ಏನೂ ನಷ್ಟವಿಲ್ಲ. ಚುಚ್ಚುಮದ್ದು ತಪ್ಪಿದರೆ ನಷ್ಟ ಇದೆ. ಹಾಗಾಗಿ ಇವತ್ತೇ ಮಗನ ಲಸಿಕೆ ಕಾರ್ಡು ತೆಗೆದು ನೋಡಿ. ನ್ಯುಮೋಕಾಕಸ್, ಹಿಬ್ (ಹೀಮೋಫಿಲಸ್ ಇನ್‌ಫ್ಲುಯೆಂಜೆ ಬಿ ಬಗೆಯ ಲಸಿಕೆ), ಡಿಪಿಟಿ ಮೂರರ ಎಲ್ಲಾ ಡೋಸು, ಬೂಸ್ಟರ್ ಆಗಿದೆಯಾ? ತಪ್ಪಿದ್ದರೆ ಈಗಲೂ ಕೊಡಬಹುದಾದದ್ದಿದೆ, ಡಾಕ್ಟರನ್ನು ಕೇಳಿ. "ಒಮ್ಮೆ ನ್ಯುಮೋನಿಯಾ ಆಯ್ತಲ್ಲ, ಇನ್ನೇಕೆ" ಅನ್ನಬೇಡಿ. ನ್ಯುಮೋಕಾಕಸ್‌ನಲ್ಲಿ ನೂರಕ್ಕೂ ಜಾಸ್ತಿ ಬಗೆಗಳಿವೆ, ಒಂದರಿಂದ ಬಂದ ರಕ್ಷಣೆ ಇನ್ನೊಂದಕ್ಕೆ ಸಾಲದು. ಫ್ಲೂ ಲಸಿಕೆಯನ್ನೂ ನಾನು ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆ ಅಂತಲೇ ಲೆಕ್ಕ ಹಾಕುತ್ತೇನೆ. ಯಾಕೆ ಅಂತ ಈಗ ನಿಮಗೆ ಗೊತ್ತಾಗಿರಬೇಕು.

ಇನ್ನು ಮುಂದಿನ ಮಹಾಮಾರಿ ಬಂದರೆ ಏನು ಮಾಡಬೇಕು. ಕಳೆದ ಸಲ ಮಾಡಿದ್ದನ್ನೇ ಮಾಡಿ. ಕೈ ತೊಳೆಯಿರಿ, ಕೆಮ್ಮುವವರಿಂದ ಮಗುವನ್ನು ದೂರ ಇಡಿ. ಎರಡನ್ನು ಮಾತ್ರ ಮುಂದೂಡಬೇಡಿ. ಒಂದು ಲಸಿಕೆ, ಅದನ್ನು ಹೇಳಿದೆ. ಇನ್ನೊಂದು, ಜ್ವರದ ಮಗುವನ್ನು ಡಾಕ್ಟರಿಗೆ ತೋರಿಸುವುದು. ಆ ಕಾಲದ ದೊಡ್ಡ ಕಾಯಿಲೆ ಯಾವುದೇ ಇರಲಿ, ನಿಮ್ಮ ಮಗುವಿನ ಜ್ವರ ಅದೇ ಆಗಿರಬೇಕು ಅಂತ ಏನಿಲ್ಲ. ಪರೀಕ್ಷೆ ಪಾಸಿಟಿವ್ ಬಂದರೂ ಅದರ ಜೊತೆಗೆ ಇನ್ನೊಂದು ಇರಬಹುದು.

ಎಲ್ಲಾ ಜ್ವರಕ್ಕೂ ಓಡಬೇಕಾಗಿಲ್ಲ. ಜ್ವರ ಇಳಿದಾಗ ಆಡುವ, ಕುಡಿಯುವ, ಉಚ್ಚೆ ಸರಿಯಾಗಿ ಮಾಡುವ ಮಗುವನ್ನು ಮನೆಯಲ್ಲಿ ನೋಡಿಕೊಳ್ಳಬಹುದು. ಥರ್ಮಾಮೀಟರ್‌ಗಿಂತ ಮಗುವಿನ ಮುಖ ನೋಡಿ. ಆದರೆ ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದಕ್ಕೆ ಈ ಮಾತು ನಡೆಯುವುದಿಲ್ಲ. ರಾತ್ರಿ ಎರಡು ಗಂಟೆಯಾಗಿದ್ದರೂ ಆಸ್ಪತ್ರೆಗೆ ಹೋಗಿ. ಎಲ್ಲಾ ಮಕ್ಕಳಲ್ಲೂ ಉಸಿರು ಎಣಿಸುವುದನ್ನು ಕಲಿಯಿರಿ, ಇದು ಯಾವ ಯಂತ್ರವೂ ಬೇಡದ ಒಳ್ಳೆಯ ಪರೀಕ್ಷೆ. ಮಗು ಅಳದೆ ಶಾಂತವಾಗಿದ್ದಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷಕ್ಕೆ 40, ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಬಂದರೆ ತೋರಿಸಿ. ಉಸಿರು ಎಳೆದಾಗ ಎದೆಯ ಕೆಳಗಿನ ಪಕ್ಕೆ ಒಳಗೆ ಸೆಳೆದರೆ ಕಾಯಬೇಡಿ.

ಮಗು ಏನೂ ಕುಡಿಯದಿದ್ದರೆ, ಕುಡಿದದ್ದನ್ನೆಲ್ಲ ವಾಂತಿ ಮಾಡಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಮಂಪರಿನಿಂದ ಏಳದಿದ್ದರೆ, ಮುಟ್ಟಿದರೆ ಸಾಕು ಕಿರುಚಿದರೆ, ಇವೆಲ್ಲ ತುರ್ತಿನ ಗುರುತುಗಳು. ಮೈ ಸುಡುತ್ತಿದ್ದು ಕೈಕಾಲು ಐಸಿನ ಹಾಗೆ ತಣ್ಣಗಿದ್ದರೆ, ಕಾಲು ನೋವು ಅಂತ ಗೋಳಾಡಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೆನಿಂಗೋಕಾಕಸ್‌ನಲ್ಲಿ ಕಲೆ ಕಾಣುವ ಮೊದಲೇ ಇವು ಬರುತ್ತವೆ. ಮೈ ಮೇಲೆ ಕೆಂಪು ಅಥವಾ ನೇರಳೆ ಚುಕ್ಕಿ ಎದ್ದಿದ್ದರೆ ಗಾಜಿನ ಲೋಟವನ್ನು ಅದರ ಮೇಲೆ ಒತ್ತಿ ನೋಡಿ. ಒತ್ತಿದಾಗ ಮಾಸದೆ ಹಾಗೇ ಕಂಡರೆ ಆ ಕ್ಷಣವೇ ಹೊರಡಿ. ಮತ್ತೆ, ಆಗಲೇ ಹೇಳಿದ ಎರಡನೇ ಜ್ವರ, ಬಿಟ್ಟು ಮತ್ತೆ ಬಂದದ್ದು. ಇದನ್ನು ಡಾಕ್ಟರಿಗೆ ಹೇಳುವಾಗ "ಒಂದು ವಾರದಿಂದ ಜ್ವರ" ಅನ್ನಬೇಡಿ. "ಬಂತು, ಎರಡು ದಿನ ಬಿಟ್ಟಿತ್ತು, ಮತ್ತೆ ಬಂತು" ಅಂತಲೇ ಹೇಳಿ. ನಮಗೆ ಎರಡೂ ಬೇರೆ ಬೇರೆ ಅರ್ಥ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಸಿರಪ್ಪು ಇದ್ದರೆ ಚೆಲ್ಲಿಬಿಡಿ. ಅರ್ಧಂಬರ್ಧ ಕೊಟ್ಟು ಬಂದರೆ ಕಲ್ಚರ್‌ನಲ್ಲಿ, ಅಂದರೆ ರಕ್ತ, ಕೀವಿನಿಂದ ಲ್ಯಾಬಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಬ್ಯಾಕ್ಟೀರಿಯಾ ಸಿಗದೆ ಹೋಗಬಹುದು, ನಾವು ಕತ್ತಲೆಯಲ್ಲಿ ತಡಕಾಡುವ ಹಾಗಾಗುತ್ತದೆ.

ಕೊನೆಗೆ ನಿಮ್ಮ ಮಗ. ಶ್ವಾಸಕೋಶದ ಸುತ್ತ ಕೀವು ತುಂಬಿದ ಮಕ್ಕಳು ದೊಡ್ಡವರಿಗಿಂತ ಎಷ್ಟೋ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಎಕ್ಸ್‌ರೇ ಕೆಲವು ತಿಂಗಳು ಕೊಳಕಾಗಿ ಕಂಡರೂ ಬಹುತೇಕ ಮಕ್ಕಳಲ್ಲಿ ಆರು ತಿಂಗಳೊಳಗೆ ಸರಿಯಾಗುತ್ತದೆ. ಓಟ, ಆಟ ಯಾವುದಕ್ಕೂ ತಡೆ ಬೇಡ. ಶಾಲೆ ಸೇರಿದ ಮೊದಲ ವರ್ಷ ಎಂಟು ಹತ್ತು ಸಲ ನೆಗಡಿ ಆಗುವುದು ಯಾವ ಕಾಲದಲ್ಲೂ ಇತ್ತು, ಅದು ಶಕ್ತಿ ಇಲ್ಲದ ಗುರುತಲ್ಲ. ಒಂದೇ ಒಂದು ನ್ಯುಮೋನಿಯಾಕ್ಕೆ ರೋಗನಿರೋಧಕ ಶಕ್ತಿಯ ದುಬಾರಿ ಟೆಸ್ಟುಗಳನ್ನು ನಾನು ಬರೆಯುವುದಿಲ್ಲ. ಇನ್ನೊಮ್ಮೆ ಇಂಥದ್ದೇ ಗಂಭೀರ ಸೋಂಕು ಆದರೆ, ತೂಕ ಏರದಿದ್ದರೆ, ಅಥವಾ ಮನೆತನದಲ್ಲಿ ಎಳೆಯ ಮಕ್ಕಳು ಸೋಂಕಿನಿಂದ ತೀರಿಕೊಂಡಿದ್ದರೆ ಆಗ ನೋಡಬೇಕಾಗುತ್ತದೆ. ಡಿಸ್ಚಾರ್ಜ್ ಕಾಗದದಲ್ಲಿ ಕೀವಿನಲ್ಲಿ ಯಾವ ಬ್ಯಾಕ್ಟೀರಿಯಾ ಸಿಕ್ಕಿತ್ತು ಅಂತ ಬರೆದಿರುತ್ತಾರೆ. ಅದನ್ನು ಲಸಿಕೆ ಕಾರ್ಡಿನ ಜೊತೆಗೇ ಇಟ್ಟು, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಎರಡನ್ನೂ ಒಟ್ಟಿಗೆ ತೋರಿಸಿ.